ಒಹಾಯೋದಲ್ಲಿ ತೀರಿಕೊಂಡ ಅಜ್ಜಿಯ ಅಣ್ಣ: 1952ರ ಮರಣ ದಾಖಲೆ ಎಲ್ಲಿ ಸಿಗುತ್ತೆ?

ತಿಪಟೂರು ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಜ್ಜಿಗೆ, ಅಂದ್ರೆ ಅಪ್ಪನ ತಾಯಿಗೆ, ಈಗ 86. ಅವರಿಗೆ ಒಬ್ಬನೇ ಅಣ್ಣ. 13 ವರ್ಷ ದೊಡ್ಡವರು, ಅಜ್ಜಿಯನ್ನು ಎತ್ತಿ ಆಡಿಸಿದವರು. ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕರೆಂಟು ಕಂಬದ ಮೇಲೆ ಬಿಳಿ ಬಟ್ಟಲಿನ ಥರ ಇರುತ್ತಲ್ಲ, ಅದನ್ನು ಮಾಡುವ ಕಾರ್ಖಾನೆ. 1949ರ ಕೊನೆಯಲ್ಲಿ ಅದೇ ವಿದ್ಯೆಯನ್ನು ಹೆಚ್ಚಿಗೆ ಓದೋಕೆ ಅಮೆರಿಕಕ್ಕೆ ಹೋದರು. ಒಹಾಯೋ ಸ್ಟೇಟ್ ಯೂನಿವರ್ಸಿಟಿ, ಕೊಲಂಬಸ್ ಊರು. ವಾಪಸ್ ಬರಲೇ ಇಲ್ಲ. 26ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು.

ಮನೆಗೆ ಬಂದದ್ದು ಒಂದು ತಂತಿ. ಗೌರಿ ಹಬ್ಬದ ಬೆಳಿಗ್ಗೆ. ಅಜ್ಜಿ ನಡುಮನೆಯಲ್ಲಿ ಕೂತು ಮೊರದ ಬಾಗಿನಕ್ಕೆ ಬಳೆ, ಬಿಚ್ಚೋಲೆ ಜೋಡಿಸುತ್ತಿದ್ದರಂತೆ. ಜ್ವರ ಬಂದು ಹೋಗಿಬಿಟ್ಟರು ಅನ್ನೋದಷ್ಟೇ ಅವರಿಗೆ ನೆನಪು. ಆ ತಂತಿ ಕಾಗದ ಈಗಿಲ್ಲ. ಮುತ್ತಜ್ಜನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇದೆ: ನಂದನ ಸಂವತ್ಸರ, ಭಾದ್ರಪದ ಶುದ್ಧ ತದಿಗೆ, ವಾರ್ತೆ ಬಂತು. ಹೋದ ತಾರೀಖು ಗೊತ್ತಿಲ್ಲದ್ದಕ್ಕೆ ಸುದ್ದಿ ಬಂದ ದಿನವನ್ನೇ ತಿಥಿ ಅಂತ ಇಟ್ಟುಕೊಂಡರು. ಅಜ್ಜಿಯ ತವರಲ್ಲಿ ದಾಯಾದಿಗಳು ಇವತ್ತಿಗೂ ಅವತ್ತೇ ಮಾಡುತ್ತಾರೆ. ಅಜ್ಜಿ ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೂ ಗೌರಿ ಹಬ್ಬಕ್ಕೆ ಕೂತವರಲ್ಲ. ಅಮ್ಮನ ಕೈಲಿ ಎಲ್ಲಾ ಮಾಡಿಸಿ, ತಾವು ಹಿತ್ತಲ ಜಗಲಿ ಮೇಲೆ ಹೋಗಿ ಕೂತುಬಿಡುತ್ತಾರೆ.

ಅವರು ಕೇಳೋದು ಎರಡೇ. ಯಾವತ್ತು ಹೋದ? ಹೋಗುವಾಗ ಪಕ್ಕದಲ್ಲಿ ಯಾರಾದ್ರೂ ಇದ್ರಾ?

ಕೊಲಂಬಸ್ ಇರುವುದು ಫ್ರಾಂಕ್ಲಿನ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಥರ) ಅಂತ ತಿಳಿದುಕೊಂಡು ಆ ಕೌಂಟಿಯ ಮರಣ ದಾಖಲೆಯಲ್ಲಿ ಮೂರು ತಿಂಗಳಿಂದ ಹುಡುಕುತ್ತಿದ್ದೇನೆ. ಹೆಸರಿನ ಎಲ್ಲಾ ಸ್ಪೆಲಿಂಗೂ ಹಾಕಿ ನೋಡಿದೆ. ಒಂದು ವೆಬ್‌ಸೈಟಿಗೆ ದುಡ್ಡೂ ಕಟ್ಟಿದೆ, ಏನೂ ಬರಲಿಲ್ಲ. ಅವರ ಹೆಸರಿನ ಹಿಂದೆ ಊರಿನ ಅಕ್ಷರ, ಅಪ್ಪನ ಹೆಸರಿನ ಅಕ್ಷರ, ಕೊನೆಗೆ ಮೂರ್ತಿ ಅಂತ ಬರುತ್ತೆ. ಮುಂದೆ ಯಾರನ್ನು ಕೇಳಬೇಕು, ಯಾವ ಆಫೀಸಿಗೆ ಬರೆಯಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.

ಕೊಲಂಬಸ್ ಅಕ್ಕ

ತಂಗಿ, ನಾನು ಕೊಲಂಬಸ್‌ನಲ್ಲಿ 30 ವರ್ಷದಿಂದ ಇದ್ದೇನೆ. ಇಲ್ಲಿನ ಲೈಬ್ರರಿಯಲ್ಲಿ ಮನೆತನದ ಚರಿತ್ರೆ ಹುಡುಕುವವರಿಗೆ ವಾರಕ್ಕೆ ಎರಡು ದಿನ ಸಹಾಯ ಮಾಡುತ್ತೇನೆ. ನಿನ್ನ ಪೋಸ್ಟ್ ಓದಿ ನಿದ್ದೆ ಬರಲಿಲ್ಲ.

ಎಲ್ಲಕ್ಕಿಂತ ಮೊದಲು ಇದನ್ನು ಕೇಳು. ಇಲ್ಲಿ ಸಾವು ದಾಖಲಾಗೋದು ಸತ್ತ ಜಾಗದ ಕೌಂಟಿಯಲ್ಲಿ. ಮನೆ ಎಲ್ಲಿತ್ತು, ಓದುತ್ತಿದ್ದದ್ದೆಲ್ಲಿ ಅನ್ನೋದು ಲೆಕ್ಕಕ್ಕೆ ಬರಲ್ಲ. ನಮ್ಮ ಕಡೆ ಹೇಗೆ ತಿಪಟೂರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೋದರೆ ಸರ್ಟಿಫಿಕೇಟು ಬೆಂಗಳೂರಿನಲ್ಲಿ ಆಗುತ್ತೋ ಹಾಗೆಯೇ. ಒಹಾಯೋದಲ್ಲಿ 88 ಕೌಂಟಿ ಇವೆ. ನೀನು ಒಂದನ್ನೇ ಮೂರು ತಿಂಗಳು ಅಗೆದಿದ್ದೀಯ. ಅವರು ಕೊಲಂಬಸ್‌ನಲ್ಲೇ ತೀರಿಕೊಂಡರು ಅಂತ ನಿಮಗೆ ಯಾರು ಹೇಳಿದ್ದು? ಯೂನಿವರ್ಸಿಟಿ ಅಲ್ಲಿದೆ ಅಂತ ನೀವೇ ಅಂದುಕೊಂಡದ್ದಿರಬೇಕು, ಅಲ್ವಾ?

ಸಮಾಧಾನದ ವಿಷಯ ಏನಂದ್ರೆ, ಒಹಾಯೋದಲ್ಲಿ 1908ರ ಡಿಸೆಂಬರ್ 20ರಿಂದ ಈಚೆಗೆ ಇಡೀ ರಾಜ್ಯಕ್ಕೆ ಒಂದೇ ನಮೂನೆಯ ಮರಣ ಸರ್ಟಿಫಿಕೇಟ್ ಇದೆ. 1908ರಿಂದ 1953ರವರೆಗಿನವು ಫ್ಯಾಮಿಲಿಸರ್ಚ್ ಸೈಟಿನಲ್ಲಿ ಸಿಗುತ್ತವೆ, ಮೂಲ ಕಾಗದದ ಚಿತ್ರ ಸಮೇತ. ಅಕೌಂಟ್ ಮಾಡಿಕೊಂಡರೆ ಸಾಕು, ಕಾಸು ಕೊಡಬೇಕಿಲ್ಲ. ನಿಮ್ಮವರು 1952 ಆದರೆ ಆ ಗಡಿಯೊಳಗೇ ಬರುತ್ತಾರೆ. ಮುಂದಕ್ಕೆ ಮೊಹರು ಹಾಕಿದ ಪ್ರತಿ ಬೇಕಾದರೂ ಹೆದರಬೇಡ. ಒಹಾಯೋದಲ್ಲಿ ಮರಣ ಸರ್ಟಿಫಿಕೇಟನ್ನು ಯಾರು ಬೇಕಾದರೂ ಕೇಳಬಹುದು. ನೀನು ಅವರಿಗೆ ಏನಾಗಬೇಕು ಅಂತ ರುಜುವಾತು ಮಾಡಬೇಕಿಲ್ಲ. ಎಲ್ಲಾ ರಾಜ್ಯದಲ್ಲೂ ಹೀಗಿಲ್ಲ.

ಹೆಸರನ್ನು ನಂಬಿ ಹುಡುಕಬೇಡ. ನಮ್ಮ ಹೆಸರನ್ನು ಇಲ್ಲಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. 60 ವರ್ಷ ಆದ ಮೇಲೆ ಅದನ್ನು ಕಂಪ್ಯೂಟರಿಗೆ ಏರಿಸಿದವರು ಕಣ್ಣಿಗೆ ಕಂಡ ಹಾಗೆ ಓದಿದರು. ಎರಡು ಸಲ ತಿರುಚಿರುತ್ತೆ. ಹೆಸರಿನ ಜಾಗ ಖಾಲಿ ಬಿಡು. ಹುಟ್ಟಿದ ವರ್ಷ, ಸತ್ತ ವರ್ಷ, ಕೌಂಟಿ ಇಷ್ಟೇ ಹಾಕಿ ನೋಡು. ಬಂದವರನ್ನೆಲ್ಲ ಒಬ್ಬೊಬ್ಬರಾಗಿ ತೆರೆದು ನೋಡು.

ಕೌಂಟಿ ಯಾವುದು ಅನ್ನೋದೇ ಈಗಿನ ಪ್ರಶ್ನೆ. ಅವರು ಬರೆದ ಕಾಗದ ಏನಾದ್ರೂ ಉಳಿದಿದೆಯಾ? ಇದ್ದರೆ ಒಳಗಿರೋದು ಆಮೇಲೆ, ಮೊದಲು ಕವರ್ ಮೇಲಿನ ಅಂಚೆ ಮುದ್ರೆ ನೋಡು.

ಪಂಚಾಂಗದ ಶಾಸ್ತ್ರಿ

ತಾಯಿ, ನಾನು ಪೌರೋಹಿತ್ಯ ಮಾಡುವವನು. ಅಮೆರಿಕದ ದಾಖಲೆ ನನಗೆ ತಿಳಿಯದು. ಆದರೆ ನಿಮ್ಮ ಮುತ್ತಜ್ಜ ಬರೆದಿಟ್ಟ ಆ ಒಂದು ಸಾಲಿನಿಂದ ದಿನ ಹಿಡಿಯಬಹುದು.

ನಂದನ ಸಂವತ್ಸರ ಅಂದರೆ 1952ರ ಯುಗಾದಿಯಿಂದ 1953ರ ಯುಗಾದಿವರೆಗೆ. ಆ ವರ್ಷ ಗೌರಿ ಹಬ್ಬ ಬಂದದ್ದು ಆಗಸ್ಟ್ 23, ಶನಿವಾರ. ಮಾರನೆಯ ದಿನ ಭಾನುವಾರ ಗಣೇಶನ ಹಬ್ಬ. ಗೌರಿ ಹಬ್ಬಕ್ಕೂ ಮೂರು ದಿನ ಮುಂಚೆ, ಆಗಸ್ಟ್ 20 ಬುಧವಾರ, ಶ್ರಾವಣದ ಅಮಾವಾಸ್ಯೆ. ಅವತ್ತು ಕಂಕಣ ಸೂರ್ಯಗ್ರಹಣ ಕೂಡ ಇತ್ತು, ದಕ್ಷಿಣ ಅಮೆರಿಕದಲ್ಲಿ ಕಾಣಿಸಿತು.

ಹಾಗಾಗಿ ಸಾವು ಆದದ್ದು ಆಗಸ್ಟ್ 23ಕ್ಕಿಂತ ಮುಂಚೆ. ಸಮುದ್ರದಾಚೆಯಿಂದ ಬರುವ ತಂತಿ ಬೆಂಗಳೂರಿಗೆ ಬಂದು, ಅಲ್ಲಿಂದ ನಿಮ್ಮ ಊರಿಗೆ ಬರಲು ಕೆಲವು ದಿನ ಹಿಡಿದಿರಬಹುದು. ಆಗಸ್ಟ್ ಮೊದಲ ವಾರದಿಂದ 22ರವರೆಗೆ ಹುಡುಕಿ.

ಇನ್ನೊಂದು ಮಾತು. ತಾರೀಖು ಸಿಕ್ಕಾಗ ಹೊತ್ತನ್ನೂ ನೋಡಿ ಬರೆದುಕೊಳ್ಳಿ. ಅಲ್ಲಿನ ರಾತ್ರಿ ಅಂದರೆ ನಮಗೆ ಮಾರನೆಯ ಬೆಳಿಗ್ಗೆ. ತಿಥಿ ಹೇಳುವಾಗ ಅದು ಬೇಕಾಗುತ್ತದೆ.

ತಿಪಟೂರು ಮೊಮ್ಮಗಳು

ಅಕ್ಕ, ಶಾಸ್ತ್ರಿಗಳೇ, ಇಬ್ಬರಿಗೂ ನಮಸ್ಕಾರ. ಮುತ್ತಜ್ಜನ ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ. ಅದರಿಂದ ತಾರೀಖು ತೆಗೆಯಬಹುದು ಅಂತ ಹೊಳೆದೇ ಇರಲಿಲ್ಲ.

ಕಾಗದ ಮೂರು ಇವೆ. ಅಜ್ಜಿಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ. ಇವತ್ತು ಮಧ್ಯಾಹ್ನ ಅಜ್ಜಿಯ ಎದುರೇ ಕೂತು ತೆಗೆದು ನೋಡಿದೆ. ಎರಡರ ಮೇಲೆ ಕೊಲಂಬಸ್ ಅಂತ ಮುದ್ರೆ ಚೆನ್ನಾಗಿ ಕಾಣುತ್ತೆ. ಮೂರನೆಯದೇ ಕೊನೆಯ ಕಾಗದ. ಅದರಲ್ಲಿ ಅಜ್ಜಿಗೆ ಅಂತಲೇ ನಾಲ್ಕು ಸಾಲು ಇವೆ. ಮುಂದಿನ ಗೌರಿ ಹಬ್ಬಕ್ಕೆ ನಿನ್ನ ಸೀರೆ ನಾನೇ ತರುತ್ತೇನೆ ಅಂತ. ಅದರ ಮುದ್ರೆ ಅರ್ಧ ಅಳಿಸಿದೆ. ಓದೋಕೆ ಬರೋದು ಲಿವರ್‌ಪೂಲ್ ಅಂತ ಮಾತ್ರ, ಎಡಗಡೆ ಏನೋ ಇತ್ತು, ಹೋಗಿದೆ. ಇಂಗ್ಲೆಂಡಿಗೆ ಏನೋ ಕೆಲಸಕ್ಕೆ ಹೋದಾಗ ಅಲ್ಲಿಂದ ಹಾಕಿರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೇವೆ. ಅದಕ್ಕೇ ಮೊದಲ ಪೋಸ್ಟಿನಲ್ಲಿ ಬರೆಯಲಿಲ್ಲ.

ಪಿಟ್ಸ್‌ಬರ್ಗ್ ಕನ್ನಡಿಗ

ಮೇಡಂ, ಸ್ಟಾಂಪು ಯಾವ ದೇಶದ್ದು ನೋಡಿದಿರಾ? ಅಮೆರಿಕದ ಸ್ಟಾಂಪು ಇದ್ದರೆ ಅದು ಇಂಗ್ಲೆಂಡ್ ಅಲ್ಲವೇ ಅಲ್ಲ. ಅದು ಈಸ್ಟ್ ಲಿವರ್‌ಪೂಲ್, ಒಹಾಯೋ!

ನನ್ನ ಮನೆಯಿಂದ ಸುಮಾರು 40 ಮೈಲಿ, ಒಹಾಯೋ ನದಿ ದಂಡೆಯ ಊರು. ಒಂದು ಕಾಲಕ್ಕೆ ಅಮೆರಿಕದ ಪಿಂಗಾಣಿ ರಾಜಧಾನಿ ಅಂತ ಹೆಸರಾಗಿತ್ತು. ಇಂಗ್ಲೆಂಡಿನಿಂದ ಬಂದ ಕುಂಬಾರರು ಅಲ್ಲಿನ ಜೇಡಿ ನೋಡಿ ನೆಲೆ ನಿಂತರು. ಆಮೇಲೆ ಊರ ತುಂಬ ತಟ್ಟೆ ಬಟ್ಟಲಿನ ಕಾರ್ಖಾನೆಗಳೇ. ಅಲ್ಲಿನ ಹಳೇ ಪೋಸ್ಟಾಫೀಸ್ ಕಟ್ಟಡದಲ್ಲಿ ಈಗ ಪಿಂಗಾಣಿ ಮ್ಯೂಸಿಯಂ ಇದೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಹಾಯೋ ಸ್ಟೇಟ್‌ನಲ್ಲಿ 1894ರಿಂದಲೇ ಪಿಂಗಾಣಿ ಎಂಜಿನಿಯರಿಂಗ್ ವಿಭಾಗ ಇತ್ತು, ಈ ದೇಶದಲ್ಲಿ ಮೊಟ್ಟಮೊದಲನೆಯದು. ನಿಮ್ಮವರು ಬೇಸಿಗೆ ರಜೆಯಲ್ಲಿ ಕೈಕೆಲಸ ಕಲಿಯಲು ಇಲ್ಲಿಗೆ ಬಂದಿರಬೇಕು.

ಈಸ್ಟ್ ಲಿವರ್‌ಪೂಲ್ ಇರುವುದು ಕೊಲಂಬಿಯಾನಾ ಕೌಂಟಿಯಲ್ಲಿ. ಕೌಂಟಿ ಕಚೇರಿ ಇರೋದು ಲಿಸ್ಬನ್ ಅನ್ನುವ ಊರಿನಲ್ಲಿ. ಕೊಲಂಬಸ್, ಕೊಲಂಬಿಯಾನಾ ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತೆ, ಬೇರೆ ಬೇರೆ ಅನ್ನೋದು ನೆನಪಿರಲಿ.

ಅಲ್ಲಿ ಸಿಗದಿದ್ದರೆ ಕೈಬಿಡಬೇಡಿ. ಆ ಊರು ಮೂರು ರಾಜ್ಯ ಕೂಡುವ ಮೂಲೆಯಲ್ಲಿದೆ. ಸೇತುವೆ ದಾಟಿದರೆ ವೆಸ್ಟ್ ವರ್ಜೀನಿಯಾದ ಹ್ಯಾಂಕಾಕ್ ಕೌಂಟಿ, ನದಿಯ ಜೊತೆ ಮೇಲಕ್ಕೆ ಬಂದರೆ ಪೆನ್ಸಿಲ್ವೇನಿಯಾದ ಬೀವರ್ ಕೌಂಟಿ. ಕಾಯಿಲೆ ಬಿದ್ದವರನ್ನು ಯಾವ ಕಡೆಗೆ ಸಾಗಿಸಿದರೋ ಹೇಳೋಕಾಗಲ್ಲ. ವೆಸ್ಟ್ ವರ್ಜೀನಿಯಾದ ರಾಜ್ಯ ಪತ್ರಾಗಾರದವರು ಹಳೇ ಮರಣ ಸರ್ಟಿಫಿಕೇಟುಗಳ ಚಿತ್ರವನ್ನು ಪುಕ್ಕಟೆ ಇಟ್ಟಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ 1906ರಿಂದ ರಾಜ್ಯದ ದಾಖಲೆ ಶುರು, 50 ವರ್ಷ ದಾಟಿದ್ದು ಎಲ್ಲರಿಗೂ ಮುಕ್ತ.

ಮೈಸೂರು ಮಾವ

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಮ್ಮ ಅಳಿಯ ಅಮೆರಿಕದವನೇ. ಅವನ ಮುತ್ತಜ್ಜನ ತಂದೆ ಒಹಾಯೋದಲ್ಲೇ 1894ರಲ್ಲಿ ತೀರಿಕೊಂಡದ್ದು. 1908ಕ್ಕಿಂತ ಹಿಂದಿನವರದ್ದು ಹಾಗಾದರೆ ಸಿಗುವುದೇ ಇಲ್ಲವೇ?

ಕೊಲಂಬಸ್ ಅಕ್ಕ

ಸಿಗುತ್ತೆ ಸರ್. 1867ರಿಂದ 1908ರವರೆಗೆ ಆಯಾ ಕೌಂಟಿಯ ಪ್ರೊಬೇಟ್ ಕೋರ್ಟಿನಲ್ಲಿ, ಅಂದ್ರೆ ಉಯಿಲು, ಸತ್ತವರ ಆಸ್ತಿ ವಿಷಯ ನೋಡುವ ಕೋರ್ಟಿನಲ್ಲಿ, ದೊಡ್ಡ ರಿಜಿಸ್ಟರ್ ಇಟ್ಟಿದ್ದರು. ಒಬ್ಬರಿಗೆ ಒಂದೇ ಸಾಲು. ಸರ್ಟಿಫಿಕೇಟ್ ಇರಲ್ಲ. ತುಂಬ ಜನರನ್ನು ಬರೆಸಿಯೇ ಇಲ್ಲ, ಮುಖ್ಯವಾಗಿ ಹಳ್ಳಿ ಕಡೆ. ರಿಜಿಸ್ಟರಿನಲ್ಲಿ ಸಿಗದಿದ್ದರೆ ಆಸ್ತಿ ಪಾಲಿನ ಕಾಗದ ನೋಡಿ, ಅದೂ ಅದೇ ಕೋರ್ಟಿನಲ್ಲೇ ಇರುತ್ತೆ. ಫ್ರೀಮಾಂಟ್ ಊರಿನಲ್ಲಿ ಅಧ್ಯಕ್ಷ ಹೇಯ್ಸ್ ಅವರ ಹೆಸರಿನ ಲೈಬ್ರರಿ ಇದೆ. ಒಹಾಯೋದ ಹಳೇ ಪೇಪರುಗಳಲ್ಲಿ ಬಂದ ನಿಧನ ವಾರ್ತೆಗಳಿಗೆ ಅವರು ದೊಡ್ಡ ಸೂಚಿ ಮಾಡಿ ನೆಟ್‌ನಲ್ಲಿ ಇಟ್ಟಿದ್ದಾರೆ. ಅಲ್ಲೂ ಒಮ್ಮೆ ಹೆಸರು ಹಾಕಿ ನೋಡಿ.

ತಂಗಿ, ಪಿಟ್ಸ್‌ಬರ್ಗಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಲಿವರ್‌ಪೂಲ್ ಅಂದ ತಕ್ಷಣ ನನಗೂ ಅದೇ ಹೊಳೆಯಿತು. ಬೇಗ ನೋಡು.

ತಿಪಟೂರು ಮೊಮ್ಮಗಳು

ಸಿಕ್ಕರು.

ಕೈ ಇನ್ನೂ ನಡುಗುತ್ತಿದೆ. ಸ್ಟಾಂಪು ಅಮೆರಿಕದ್ದೇ. ಇಷ್ಟು ವರ್ಷ ಆ ಕವರನ್ನು ಎಷ್ಟು ಜನ ಕೈಯಲ್ಲಿ ಹಿಡಿದಿದ್ದೇವೆ, ಒಬ್ಬರೂ ನೋಡಲಿಲ್ಲ.

ಅಕ್ಕ ಹೇಳಿದ ಹಾಗೆ ಹೆಸರು ಖಾಲಿ ಬಿಟ್ಟೆ. ಕೊಲಂಬಿಯಾನಾ ಕೌಂಟಿ, ಸತ್ತದ್ದು 1952, ಹುಟ್ಟಿದ್ದು 1924ರಿಂದ 1928. ಆ ವಯಸ್ಸಿಗೆ ಸಾಯುವವರು ಕಡಿಮೆ, ಹಾಗಾಗಿ ಪಟ್ಟಿ ಚಿಕ್ಕದಾಗಿಯೇ ಬಂತು. ಮೊದಲ ಸಲ ನೋಡಿದಾಗ ನಮ್ಮವರು ಅನ್ನುವಂಥ ಒಂದು ಹೆಸರೂ ಇರಲಿಲ್ಲ. ಎಲ್ಲಾ ಅಲ್ಲಿನ ಜನರೇ. ಮುಚ್ಚಿ ಎದ್ದುಬಿಟ್ಟಿದ್ದೆ. ಆಮೇಲೆ ಶಾಸ್ತ್ರಿಗಳು ಹೇಳಿದ ದಿನಗಳು ನೆನಪಾಗಿ, ಬರೀ ಆಗಸ್ಟ್ ತಿಂಗಳಿನವರನ್ನು ಮಾತ್ರ ತೆರೆದು ನೋಡಿದೆ. ಅದರಲ್ಲಿ ಒಬ್ಬರು ಮರ್ಫಿ. ಹುಟ್ಟಿದ್ದು ಇಂಡಿಯಾನಾ ರಾಜ್ಯ ಅಂತ ಪಟ್ಟಿಯಲ್ಲಿತ್ತು. ಸುಮ್ನೆ ತೆರೆದೆ.

ಟೈಪ್ ಮಾಡಿದ ಕಾಗದ. ಹೆಸರಿನ ಮೇಲೆ ರಿಬ್ಬನ್ನಿನ ಮಸಿ ಸ್ವಲ್ಪ ಹರಡಿದೆ. ಅದು ಮರ್ಫಿ ಅಲ್ಲ, ಮೂರ್ತಿ. ಅದರ ಮುಂದೆ ನಮ್ಮ ಊರಿನ ಅಕ್ಷರ, ಮುತ್ತಜ್ಜನ ಹೆಸರಿನ ಅಕ್ಷರ. ಹುಟ್ಟಿದ ಜಾಗದಲ್ಲಿ ಇಂಡಿಯಾ ಅಂತಲೇ ಇದೆ. ಪಟ್ಟಿ ಮಾಡಿದವರು ಇಂಡಿಯಾವನ್ನು ಇಂಡಿಯಾನಾ ಮಾಡಿದ್ದಾರೆ. ಇಲ್ಲಿಗೆ ಬರುವ ಬೇರೆಯವರೂ ದಯವಿಟ್ಟು ಇದನ್ನು ನೆನಪಿಡಿ. ಇಂಡಿಯಾನಾದಲ್ಲಿ ಹುಟ್ಟಿದವರು ಅಂತ ಇದ್ದರೆ ಬಿಟ್ಟುಬಿಡಬೇಡಿ.

ಅದರಲ್ಲಿ ಇರೋದೆಲ್ಲ ಬರೆಯುತ್ತೇನೆ. ಕಸುಬು: ವಿದ್ಯಾರ್ಥಿ, ಪಿಂಗಾಣಿ. ಮದುವೆ: ಇಲ್ಲ. ಕಾಯಂ ವಿಳಾಸ: ಕೊಲಂಬಸ್. ಸತ್ತ ಜಾಗ: ಈಸ್ಟ್ ಲಿವರ್‌ಪೂಲ್‌ನ ಆಸ್ಪತ್ರೆ. ಆಸ್ಪತ್ರೆಯಲ್ಲಿ ಇದ್ದದ್ದು ನಾಲ್ಕು ದಿನ. 1952 ಆಗಸ್ಟ್ 17, ರಾತ್ರಿ 9 ಗಂಟೆ. ಕಾರಣದ ಜಾಗದಲ್ಲಿ ಬಲ್ಬಾರ್ ಪೋಲಿಯೋಮೈಲೈಟಿಸ್ ಅಂತ ಇದೆ. ದಹನ, ಪಿಟ್ಸ್‌ಬರ್ಗ್.

ತಂದೆಯ ಹೆಸರು: ಗೊತ್ತಿಲ್ಲ. ತಾಯಿಯ ಹೆಸರು: ಗೊತ್ತಿಲ್ಲ. ಈ ಎರಡು ಸಾಲನ್ನು ಅಜ್ಜಿಗೆ ಹೇಗೆ ಓದಿ ಹೇಳಲಿ ಅಂತ ತುಂಬ ಹೊತ್ತು ಕೂತಿದ್ದೆ.

ಅದರ ಕೆಳಗೆ ಮಾಹಿತಿ ಕೊಟ್ಟವರು ಅಂತ ಒಂದು ಜಾಗ. ಅಲ್ಲಿ ಒಬ್ಬ ಹೆಂಗಸಿನ ಹೆಸರು, ಈಸ್ಟ್ ಲಿವರ್‌ಪೂಲ್‌ನದ್ದೇ ಒಂದು ಬೀದಿಯ ವಿಳಾಸ. ಯಾರು ಇವರು? ಪೋಲಿಯೋ ದೊಡ್ಡವರಿಗೂ ಬರುತ್ತಾ?

ಡಾಕ್ಟರಮ್ಮ, ಧಾರವಾಡ

ಬರುತ್ತೆ. ಮಕ್ಕಳಿಗೆ ಜಾಸ್ತಿ, ಆದರೆ 20, 30ರ ವಯಸ್ಸಿನವರಿಗೆ ಬಂದರೆ ಹಲವು ಸಲ ಇನ್ನೂ ಜೋರಾಗಿ ಬರುತ್ತೆ. ಅಮೆರಿಕದಲ್ಲಿ ಪೋಲಿಯೋ ಎಲ್ಲಕ್ಕಿಂತ ಕೆಟ್ಟದಾಗಿ ಹಬ್ಬಿದ ವರ್ಷವೇ 1952. ಸುಮಾರು 58 ಸಾವಿರ ಜನಕ್ಕೆ ಬಂತು, 3 ಸಾವಿರಕ್ಕೂ ಮೇಲೆ ಜನ ಸತ್ತರು. ಲಸಿಕೆ ಬಂದದ್ದು 1955ಕ್ಕೆ. ಬಲ್ಬಾರ್ ಅಂದ್ರೆ ಮೆದುಳಿನ ಬುಡಕ್ಕೆ ಏರಿದ ಪೋಲಿಯೋ. ನುಂಗೋಕೆ ಆಗಲ್ಲ, ಉಸಿರಾಡೋಕೆ ಆಗಲ್ಲ. ಮೂರು ನಾಲ್ಕು ದಿನದಲ್ಲೇ ಮುಗಿದುಹೋಗುತ್ತಿತ್ತು. ಶುರುವಾಗೋದು ಬರೀ ಜ್ವರದಿಂದ, ಹಾಗಾಗಿ ತಂತಿಯಲ್ಲಿ ಜ್ವರ ಅಂತ ಬರೆದದ್ದು ಸುಳ್ಳಲ್ಲ. ಅಂಥವರನ್ನು ಬೇರೆ ಕೋಣೆಯಲ್ಲಿ ಇಡುತ್ತಿದ್ದರು. ಹತ್ತಿರದವರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಜ್ಜಿಗೆ ಇದನ್ನು ಹೇಳಿ. ಪಕ್ಕದಲ್ಲಿ ಯಾರೂ ಇರಲಿಲ್ಲ ಅಂತಾದರೆ, ಅದು ಜನ ಇಲ್ಲದ್ದಕ್ಕಲ್ಲ, ಕಾಯಿಲೆ ಅಂಥದ್ದು.

ಕೊಲಂಬಸ್ ಅಕ್ಕ

ತಂಗಿ, ಆ ಮಾಹಿತಿ ಕೊಟ್ಟವರ ಜಾಗವೇ ನಿನಗೆ ಮುಖ್ಯ. ಸರ್ಟಿಫಿಕೇಟ್ ಸಿಕ್ಕ ಕೂಡಲೇ ಜನ ತಾರೀಖು, ಕಾರಣ ನೋಡಿ ಮುಚ್ಚಿಬಿಡುತ್ತಾರೆ. ಅವತ್ತು ಮುಂದೆ ಬಂದು, ಈ ಸತ್ತವರು ನನಗೆ ಗೊತ್ತು ಅಂತ ಹೇಳಿದವರು ಯಾರು ಅನ್ನೋದು ಅಲ್ಲಿರುತ್ತೆ. ಮನೆಯವರು ಇಲ್ಲದ ಕಡೆ ಹಲವು ಸಲ ಬಾಡಿಗೆ ಮನೆಯ ಯಜಮಾನಿಯ ಹೆಸರು ಇರುತ್ತೆ.

ಅವರನ್ನು ಹುಡುಕಬಹುದು. 1950ರ ಜನಗಣತಿಯನ್ನು 72 ವರ್ಷ ಮುಚ್ಚಿಟ್ಟು 2022ರ ಏಪ್ರಿಲ್ 1ಕ್ಕೆ ಬಿಡುಗಡೆ ಮಾಡಿದರು. ನ್ಯಾಷನಲ್ ಆರ್ಕೈವ್ಸ್ ಸೈಟಿನಲ್ಲಿ ಪುಕ್ಕಟೆ ಇದೆ. ರಾಜ್ಯ, ಕೌಂಟಿ, ಆ ಹೆಂಗಸಿನ ಹೆಸರು ಹಾಕಿ ನೋಡು. ಕೊಲಂಬಸ್‌ನ ಹಾಳೆಗಳಲ್ಲಿ ನಿಮ್ಮವರೂ ಸಿಗಬಹುದು, 1949ರಲ್ಲೇ ಬಂದಿದ್ದರಲ್ಲ.

ಈಗ ಪೇಪರಿನ ವಿಷಯ. ಆ ಊರಿನ ದಿನಪತ್ರಿಕೆ ಈಸ್ಟ್ ಲಿವರ್‌ಪೂಲ್ ರಿವ್ಯೂ. ಊರಿನಲ್ಲಿ ಕಾರ್ನೆಗಿ ಕಟ್ಟಿಸಿಕೊಟ್ಟ ಹಳೇ ಲೈಬ್ರರಿ ಇದೆ, ಅವರಿಗೊಂದು ಇಮೇಲ್ ಬರಿ. ಬರೆಯುವಾಗ ಕಥೆಯೆಲ್ಲ ಹೇಳಬೇಡ. ಹೆಸರು, ಸಾಧ್ಯ ಇರುವ ಸ್ಪೆಲಿಂಗುಗಳು, ಸತ್ತ ತಾರೀಖು, ಆಗಸ್ಟ್ 18ರಿಂದ 23ರವರೆಗಿನ ಪೇಪರ್ ನೋಡಿ ಅಂತ ಇಷ್ಟೇ ಸಾಕು. ಒಂದು ಮಾತು ಸೇರಿಸು: ನಿಧನ ವಾರ್ತೆಯ ಅಂಕಣದಲ್ಲಿ ಮಾತ್ರ ಅಲ್ಲ, ಮೊದಲ ಪುಟವನ್ನೂ ನೋಡಿ ಅಂತ. ಆ ಬೇಸಿಗೆಯಲ್ಲಿ ಪೋಲಿಯೋ ಸಾವು ಅಂದ್ರೆ ದೊಡ್ಡ ಸುದ್ದಿ. ಪರದೇಶದ ಹುಡುಗ ಬೇರೆ. ಅದು ಮೊದಲ ಪುಟಕ್ಕೆ ಹೋಗಿರುತ್ತೆ, ಸೂಚಿ ಮಾಡಿದವರು ನಿಧನ ವಾರ್ತೆ ಅಂತ ಎಣಿಸಿರಲ್ಲ. ಯೂನಿವರ್ಸಿಟಿಯ ವಿದ್ಯಾರ್ಥಿ ಪತ್ರಿಕೆ ಲ್ಯಾಂಟರ್ನ್‌ನ ಹಳೇ ಸಂಚಿಕೆಗಳೂ ನೆಟ್‌ನಲ್ಲಿ ಇವೆ, ಅದನ್ನು ನೀನೇ ನೋಡು.

ತಂದೆ ತಾಯಿ ಹೆಸರು ಗೊತ್ತಿಲ್ಲ ಅಂತ ಬರೆದದ್ದಕ್ಕೆ ನೊಂದುಕೋಬೇಡ ಮರಿ. ಆ ಹೆಂಗಸಿಗೆ ಗೊತ್ತಿದ್ದದ್ದನ್ನು ಹೇಳಿದ್ದಾಳೆ. ಗೊತ್ತಿಲ್ಲದ್ದನ್ನು ಊಹೆ ಮಾಡಿ ಬರೆಸಿಲ್ಲ. ಅಂಥ ಕಾಗದವನ್ನು ನಾನು ಹೆಚ್ಚು ನಂಬುತ್ತೇನೆ.

ಪಂಚಾಂಗದ ಶಾಸ್ತ್ರಿ

ಆಗಸ್ಟ್ 17ರ ರಾತ್ರಿ 9 ಅಲ್ಲಿ ಅಂದರೆ ನಮಗೆ 18ರ ಸೋಮವಾರ ಬೆಳಿಗ್ಗೆ. ಎರಡು ಕಡೆಯಿಂದ ಲೆಕ್ಕ ಹಾಕಿದರೂ ಒಂದೇ ತಿಥಿ: ಶ್ರಾವಣ ಬಹುಳ ತ್ರಯೋದಶಿ. ಗೌರಿ ಹಬ್ಬಕ್ಕಿಂತ ಐದಾರು ದಿನ ಮುಂಚೆ, ಅಮಾವಾಸ್ಯೆಗೂ ಮುಂಚೆ. ತಾಯಿ, ಸತ್ತ ದಿನ ತಿಳಿಯದಿದ್ದಾಗ ಸುದ್ದಿ ಬಂದ ದಿನ ಮಾಡುವುದು ವಾಡಿಕೆ, ನಿಮ್ಮ ಹಿರಿಯರು ಮಾಡಿದ್ದರಲ್ಲಿ ತಪ್ಪಿಲ್ಲ. ಈಗ ತಿಳಿಯಿತು. ಮುಂದೆ ಯಾವ ದಿನ ಅಂತ ನಿಮ್ಮ ಮನೆಯ ಪುರೋಹಿತರನ್ನೂ ದಾಯಾದಿಗಳನ್ನೂ ಕೂರಿಸಿ ಮಾತಾಡಿ.

ತಿಪಟೂರು ಮೊಮ್ಮಗಳು

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಲೈಬ್ರರಿಯಿಂದ ಉತ್ತರ ಬಂತು. ಮೈಕ್ರೋಫಿಲ್ಮಿನಿಂದ ತೆಗೆದ ಪುಟದ ಚಿತ್ರ. ಅಕ್ಕ, ಮೊದಲ ಪುಟವೇ. ಆಗಸ್ಟ್ 18ರ ಪೇಪರ್.

ಸುದ್ದಿ ಹನ್ನೊಂದು ಸಾಲು ಇದೆ. ಮೈಸೂರು ಅಂತ ಹೆಸರು ಸರಿಯಾಗಿ ಹಾಕಿದ್ದಾರೆ. ಜೂನ್‌ನಿಂದ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಭಟ್ಟಿಯ ಕೆಲಸ ಕಲಿಯುತ್ತಿದ್ದರಂತೆ. ಕೊಲಂಬಸ್‌ನಿಂದ ಇಬ್ಬರು ಭಾರತದ ಹುಡುಗರು ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದರು, ಆಸ್ಪತ್ರೆಯವರು ಒಳಗೆ ಬಿಡದೇ ಇದ್ದದ್ದಕ್ಕೆ ಕಿಟಕಿಯ ಹೊರಗೆ ನಿಂತಿದ್ದರು ಅಂತ ಇದೆ. ದಹನಕ್ಕೂ ಅವರೇ ಜೊತೆಗೆ ಹೋಗುತ್ತಾರೆ ಅಂತ ಕೊನೆಯ ಸಾಲು. ಅವರ ಹೆಸರಿಲ್ಲ.

ಆ ಹೆಂಗಸೂ 1950ರ ಜನಗಣತಿಯಲ್ಲಿ ಸಿಕ್ಕರು. ಅದೇ ಬೀದಿ, ಅದೇ ಮನೆ ನಂಬರು. 51 ವರ್ಷ, ವಿಧವೆ. ಕಸುಬಿನ ಜಾಗದಲ್ಲಿ ಪಿಂಗಾಣಿ ತಟ್ಟೆಗೆ ಬಣ್ಣದ ಅಂಚು ಬರೆಯುವ ಕೆಲಸ. ಮನೆಯಲ್ಲಿ ಇಬ್ಬರು ಬಾಡಿಗೆ ಹುಡುಗರು.

ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡು ಅಜ್ಜಿಗೆ ಓದಿದೆ. ತಂದೆ ತಾಯಿ ಹೆಸರಿನ ಸಾಲನ್ನೂ ಬಿಡಲಿಲ್ಲ. ಅಜ್ಜಿ ಅಳಲಿಲ್ಲ. ಕಿಟಕಿಯ ಸಾಲನ್ನು ಮೂರು ಸಲ ಓದಿಸಿದರು. ಆಮೇಲೆ ಆ ಹೆಂಗಸಿನ ಹೆಸರು ಕೇಳಿದರು. ಹೇಳಿಕೊಟ್ಟೆ. ಬಾಯಿಗೆ ಬರುವವರೆಗೂ ಮೆಲ್ಲಗೆ ಹೇಳಿಕೊಳ್ಳುತ್ತಾ ಇದ್ದರು. ಅನ್ನ ಹಾಕಿದವಳು, ಅವಳ ಹೆಸರು ಗೊತ್ತಿರಬೇಕು ಅಂದರು.

ದಾಯಾದಿಗಳ ಮನೆಗೆ ಅಪ್ಪ ಹೋಗಿ ಬಂದರು. ಪುರೋಹಿತರೂ ಒಪ್ಪಿದ್ದಾರೆ. ಈ ವರ್ಷದಿಂದ ಶ್ರಾವಣ ಬಹುಳ ತ್ರಯೋದಶಿಗೇ ತಿಥಿ.

ಪಿಟ್ಸ್‌ಬರ್ಗ್ ಅಣ್ಣ, ಇನ್ನೊಂದು ಸಹಾಯ ಕೇಳಬಹುದಾ? ದಹನ ಮಾಡಿದ ಕಡೆ ಹಳೇ ರಿಜಿಸ್ಟರ್ ಇದ್ದರೆ, ಅಸ್ಥಿ ಯಾರು ತೆಗೆದುಕೊಂಡು ಹೋದರು ಅಂತ ಬರೆದಿರುತ್ತಾರಾ? ಆ ಇಬ್ಬರು ಹುಡುಗರ ಹೆಸರು ಅಲ್ಲಿ ಸಿಗಬಹುದು ಅಂತ ಆಸೆ.

ಪಿಟ್ಸ್‌ಬರ್ಗ್ ಕನ್ನಡಿಗ

ಸಾಮಾನ್ಯವಾಗಿ ಬರೆದಿರುತ್ತಾರೆ ಮೇಡಂ, ಸಹಿ ಸಮೇತ. ಸರ್ಟಿಫಿಕೇಟಿನ ಕೊನೆಯಲ್ಲಿ ಶವಸಂಸ್ಕಾರ ಮಾಡಿಸಿದವರ ಹೆಸರೂ ಇರುತ್ತೆ, ಅವರ ಲೆಡ್ಜರನ್ನೂ ಕೇಳಬೇಕು. ಆ ಪುಟದ ಚಿತ್ರ ನನಗೆ ಮೆಸೇಜ್ ಮಾಡಿ. ಫೋನಿನಲ್ಲಿ ಕೇಳಿದರೆ ಆಗಲ್ಲ ಅಂದುಬಿಡುತ್ತಾರೆ, ಎದುರಿಗೆ ಹೋದರೆ ತೆಗೆದು ನೋಡುತ್ತಾರೆ. ಶುಕ್ರವಾರ ನನಗೆ ರಜೆ ಇದೆ, ಹೋಗಿ ಬರುತ್ತೇನೆ.

ತಿಪಟೂರು ಮೊಮ್ಮಗಳು

ಕಳಿಸಿದೆ ಅಣ್ಣ. ಅಜ್ಜಿ ಈಗ ತಾನೇ ಅಮ್ಮನನ್ನು ಕರೆದು, ಈ ಸಲ ಬಾಗಿನಕ್ಕೆ ಮೊರ ಎಷ್ಟು ತರಿಸಿದ್ದೀಯ ಅಂತ ಕೇಳಿದರು. ಇನ್ನೆರಡು ಜಾಸ್ತಿ ತರಿಸು ಅಂದರು.